ಬಾಗಿಲು ಹಾಕಿದ ಕೋಣೆಯಲ್ಲಿ ಗಾಂಜಾ ಗಿಡ

ಗಾಂಜಾ ಬೆಳೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎಲ್ಲೋ ಕಾಡಿನ ಅಂಚು, ಜೋಳದ ಹೊಲದ ನಡುವೆ ಅಡಗಿಸಿ ಬೆಳೆಸಿದ ನಾಲ್ಕು ಸಾಲು ಗಿಡ, ಅದನ್ನು ಕಿತ್ತು ರಾಶಿ ಹಾಕಿ ಹಿಂದೆ ನಿಂತು ಫೋಟೊ ತೆಗೆಸಿಕೊಂಡ ಅಬಕಾರಿ ಸಿಬ್ಬಂದಿ. ಆ ಚಿತ್ರ ಈಗ ಹಳತಾಯಿತು. 2021ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಗಾಂಜಾ ಗಿಡ ಹಿಡಿದದ್ದು ಬಿಡದಿಯ ಒಂದು ವಿಲ್ಲಾದ ಒಳಗೆ. 2023ರ ಜೂನ್‌ನಲ್ಲಿ ಶಿವಮೊಗ್ಗ ಪೊಲೀಸರು ಹೊಕ್ಕಿದ್ದು ಬಡಾವಣೆಯೊಂದರ ಬಾಡಿಗೆ ಮನೆಗೆ. ಅಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿಯಲ್ಲಿ ಗಾಂಜಾದ ಜೊತೆಗೆ ಎಲ್‌ಇಡಿ ಲೈಟುಗಳು, ಎಕ್ಸಾಸ್ಟ್ ಫ್ಯಾನ್, ಟೇಬಲ್ ಫ್ಯಾನುಗಳು, ಸ್ಟೆಬಿಲೈಸರ್ ಇದ್ದವು. ಬಂಧಿತರಾದವರು ನಾಳೆ ಡಾಕ್ಟರ್ ಆಗಬೇಕಿದ್ದ ವಿದ್ಯಾರ್ಥಿಗಳು.

ನಮ್ಮ ಊರಲ್ಲ, ನಮ್ಮವರೂ ಅಲ್ಲ ಎಂದು ಪೇಪರ್ ಮಡಚಿಡುವ ಹಾಗಿಲ್ಲ. ದೇರಳಕಟ್ಟೆಯಿಂದ ಮಣಿಪಾಲದವರೆಗೆ ಕಾಲೇಜುಗಳ ಸುತ್ತ ಫ್ಲಾಟ್ ಕಟ್ಟಿಸಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟವರಲ್ಲಿ ನಮ್ಮವರೂ ಇದ್ದಾರೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಮನೆಯ ಮಾಳಿಗೆಯ ಕೋಣೆಯನ್ನು ಮಗನಿಗೇ ಬಿಟ್ಟುಕೊಟ್ಟ ಉಪ್ಪಂದಿರೂ ಇದ್ದಾರೆ. ಈ ಹೊಸ ಬೆಳೆಗೆ ಹೊಲ ಬೇಡ, ಮಳೆ ಬೇಡ, ಮಣ್ಣು ಕೂಡಾ ಬೇಡ. ಯಾರೂ ಬಂದು ತಟ್ಟದ ಒಂದು ಬಾಗಿಲು ಇದ್ದರೆ ಸಾಕು.

ಮೊದಲು ಕೋಣೆಯೊಳಗೆ ಗಿಡ ಬೆಳೆಸಬೇಕಾದರೆ ಬೀದಿ ದೀಪದಂಥ ದೊಡ್ಡ ಸೋಡಿಯಂ ಲ್ಯಾಂಪ್ ಬೇಕಿತ್ತು. ಅದರ ಬಿಸಿಗೆ ಕೋಣೆಯೇ ಒಲೆಯಾಗುತ್ತಿತ್ತು, ಕರೆಂಟ್ ನೀರಿನ ಹಾಗೆ ಹೋಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ತಾಪತ್ರಯ ತಗ್ಗಿತು. ಅದು ಕಡಿಮೆ ಬಿಸಿಯಾಗುತ್ತದೆ, ಶಬ್ದ ಮಾಡುವುದಿಲ್ಲ, ಗಿಡಕ್ಕೆ ಬೇಕಾದ ಕೆಂಪು ಮತ್ತು ನೀಲಿ ಬೆಳಕನ್ನೇ ಹೆಚ್ಚಾಗಿ ಕೊಡುವಂತೆ ಮಾಡಬಹುದು. ದೊಡ್ಡ ಶೆಡ್ ಕೇಳುತ್ತಿದ್ದ ಕೆಲಸ ಈಗ ಬಟ್ಟೆಯ ಕಪಾಟಿನಷ್ಟು ಜಾಗದಲ್ಲಿ ಮುಗಿಯುತ್ತದೆ. ತಪ್ಪು ದೀಪದ್ದಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಇದೇ ಲೈಟಿನಲ್ಲಿ ಆರ್ಕಿಡ್ ಬೆಳೆಸುವವರಿದ್ದಾರೆ, ಟಿಶ್ಯೂ ಕಲ್ಚರಿನ ಬಾಳೆ ಸಸಿ ಏಳುವುದೂ ಇಂಥದ್ದೇ ಬೆಳಕಿನಲ್ಲಿ, ಮಣ್ಣಿಲ್ಲದೆ ಬರೀ ನೀರಿನಲ್ಲಿ ಸೊಪ್ಪು ತರಕಾರಿ ಬೆಳೆದು ಹೋಟೆಲುಗಳಿಗೆ ಕೊಡುವವರೂ ಇದ್ದಾರೆ. ಪಕ್ಕದ ಮನೆಯ ಕಿಟಕಿಯಲ್ಲಿ ನೇರಳೆ ಬೆಳಕು ಕಂಡಿತೆಂದು ಊರಿಡೀ ಸುದ್ದಿ ಹಬ್ಬಿಸಿ ಒಂದು ಮನೆಯ ಮಾನ ಕಳೆಯಬೇಡಿ.

ಆದರೆ ಗಾಂಜಾ ಗಿಡಕ್ಕೆ ಆ ಬೆಳಕು ಸಿಕ್ಕಿದಾಗ ಆಗುವುದೇ ಬೇರೆ. ಗಾಳಿ, ತೇವ, ಬೆಳಕು ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು, ಆಯ್ದ ಬೀಜದಿಂದ ಬೆಳೆಸಿದ ಈ ಗಿಡದ ಹೂವಿನಲ್ಲಿ ನಶೆ ಬರಿಸುವ ಟಿಎಚ್‌ಸಿ ಎಂಬ ಅಂಶ ಬಹಳ ಹೆಚ್ಚು. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾವನ್ನು ವರ್ಷ ವರ್ಷ ಪರೀಕ್ಷೆ ಮಾಡುತ್ತಾರೆ. 1995ರಲ್ಲಿ ಆ ಅಂಶ ಸರಾಸರಿ ಶೇ. 4ರಷ್ಟಿತ್ತು, 2014ಕ್ಕೆ ಶೇ. 12ರಷ್ಟಾಯಿತು. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಶೇ. 10ಕ್ಕಿಂತ ಜೋರಿನ ಗಾಂಜಾವನ್ನು ದಿನಾ ಸೇದುವವರು ಚಿತ್ತವಿಕಲತೆಗೆ ಒಳಗಾಗುವ ಸಾಧ್ಯತೆ ಮುಟ್ಟದವರಿಗಿಂತ ಹತ್ತಿರ ಹತ್ತಿರ ಐದು ಪಟ್ಟು. ಗೋಡೆ ನೋಡಿ ಮಾತಾಡುವುದು, ಉಮ್ಮನೇ ಅನ್ನಕ್ಕೆ ವಿಷ ಹಾಕುತ್ತಿದ್ದಾಳೆ ಎಂದು ತಟ್ಟೆ ದೂಡುವುದು, ರಾತ್ರಿಯಿಡೀ ನಿದ್ದೆಯಿಲ್ಲದೆ ಯಾರೋ ಬೆನ್ನು ಹತ್ತಿದ್ದಾರೆ ಅನ್ನುವುದು. ಇಂಥದ್ದು ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಹುಡುಕುವುದು ಮಂತ್ರಿಸಿದ ನೀರನ್ನು, ಡಾಕ್ಟರರನ್ನಲ್ಲ. ದುಆ ಇರಲಿ, ಬೇಡ ಅನ್ನುವುದಿಲ್ಲ. ಡಾಕ್ಟರರ ಹತ್ತಿರ ಹೋಗುವುದನ್ನು ಮಾತ್ರ ಆರು ತಿಂಗಳು ಮುಂದಕ್ಕೆ ಹಾಕಬೇಡಿ.

ಹುಡುಗರ ಬಾಯಲ್ಲಿ ಇದರ ಹೆಸರು ‘ಹೈಡ್ರೋ’. 2022ರ ಜೂನ್‌ನಲ್ಲಿ ಥಾಯ್ಲೆಂಡ್ ಸರಕಾರ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದ ಮೇಲೆ ಬ್ಯಾಂಕಾಕ್‌ನಿಂದ ಬೆಂಗಳೂರು, ಮುಂಬೈ, ಕೊಚ್ಚಿ ವಿಮಾನ ನಿಲ್ದಾಣಗಳಿಗೆ ಬ್ಯಾಗಿನಲ್ಲಿ ಇದು ಬರತೊಡಗಿತು. 2025ರಲ್ಲಿ ಆ ದೇಶವೇ ಎಚ್ಚೆತ್ತು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂದಿತು. ಟಿಕೆಟ್ ಫ್ರೀ, ಹೋಟೆಲ್ ಫ್ರೀ, ಬರುವಾಗ ಒಂದು ಬ್ಯಾಗ್ ತಂದರೆ ಸಾಕು ಎಂದು ಯಾರಾದರೂ ನಿಮ್ಮ ಮಗನಿಗೆ ಹೇಳಿದ್ದರೆ, ಆ ಬ್ಯಾಗಿನಲ್ಲಿ ಖರ್ಜೂರ ಇರುವುದಿಲ್ಲ ಎಂದಷ್ಟೇ ತಿಳಿದುಕೊಳ್ಳಿ.

ಸೇದುವ ಹುಡುಗ ಬೆಳೆಯುವವನಾಗುವುದು ಹೇಗೆ? ಅವನ ಲೆಕ್ಕ ಸರಳ. ಕೊಂಡುಕೊಳ್ಳಲು ಹೋದರೆ ಪೆಡ್ಲರ್ ಕೈಗೆ ಸಿಕ್ಕಬೇಕು, ಗಾಡಿ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು, ದುಡ್ಡೂ ಜಾಸ್ತಿ. ನಾನೇ ಎರಡು ಗಿಡ ಇಟ್ಟರೆ ಯಾರ ತಂಟೆಯೂ ಇಲ್ಲ, ಯಾರಿಗೂ ಮಾರುವುದಿಲ್ಲ, ನನ್ನ ಪಾಡಿಗೆ ನಾನು. ಇದರ ಜೊತೆಗೆ ಇಂಟರ್‌ನೆಟ್ಟಿನಿಂದ ಕಲಿತ ಇನ್ನೆರಡು ಮಾತು ಸೇರುತ್ತದೆ: ಇದು ನೈಸರ್ಗಿಕ, ಎಲೆಗೆ ಕಾನೂನಿನಲ್ಲಿ ನಿಷೇಧವೇ ಇಲ್ಲ.

ಈ ಕೊನೆಯ ಮಾತಿನಲ್ಲಿ ಕಾಲು ಭಾಗ ಸತ್ಯ ಇರುವುದರಿಂದಲೇ ಅದು ಅಪಾಯ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ‘ಗಾಂಜಾ’ ಎಂಬುದರ ವ್ಯಾಖ್ಯೆ ಹೂವಿನ ತುದಿಗೆ ಸಂಬಂಧಿಸಿದ್ದು. ತುದಿಯ ಜೊತೆ ಸೇರದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಸರಿ. ಆದರೆ ಬೆಳೆಯುವುದರ ಬಗ್ಗೆ ಅದೇ ಕಾಯ್ದೆ ಹೇಳುವುದು ಗಿಡವನ್ನು. ಆ ಜಾತಿಯ ಯಾವುದೇ ಗಿಡ. ಸೆಕ್ಷನ್ 20ರ ಪ್ರಕಾರ ಅದನ್ನು ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇಟ್ಟುಕೊಂಡ ಗಾಂಜಾಕ್ಕೆ 1 ಕಿಲೋ, 20 ಕಿಲೋ ಎಂದು ಮೆಟ್ಟಿಲುಗಳಿವೆ. 1 ಕಿಲೋದವರೆಗಿನದ್ದು ಸಣ್ಣ ಪ್ರಮಾಣ, ಅದಕ್ಕೆ ಒಂದು ವರ್ಷದವರೆಗೆ ಸಜೆ. ಬೆಳೆದ ಗಿಡಕ್ಕೆ ಈ ಮೆಟ್ಟಿಲು ಇಲ್ಲ. ಎರಡು ಕುಂಡವೂ ಬೆಳೆಯೇ, ಎರಡು ಎಕರೆಯೂ ಬೆಳೆಯೇ. ಬೆಂಗಳೂರಿನಲ್ಲಿ 2024ರ ನವೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರು ಬಂಧಿತರಾದದ್ದು ಬಾಲ್ಕನಿಯ ಹೂಕುಂಡದ ಗಿಡಗಳಿಗೆ. ಹೆಂಡತಿ ತನ್ನ ಗಿಡಗಳ ವಿಡಿಯೊವನ್ನು ಫೇಸ್‌ಬುಕ್ಕಿಗೆ ಹಾಕಿದ್ದರಂತೆ, ಅದರಲ್ಲಿ ಕಂಡಿತಂತೆ.

ಇನ್ನು ದೀನಿನ ವಿಷಯ. ಸ್ವಲ್ಪ ಕಿತಾಬು ಓದಿದ ಹುಡುಗರು ಕೇಳುವ ಪ್ರಶ್ನೆಯೊಂದಿದೆ: ‘ಉಸ್ತಾದರೇ, ಹೆಂಡ ನಜಸ್, ಇದು ನಜಸ್ ಅಲ್ಲವಲ್ಲ?’ ಹೌದು, ಶಾಫಿಈ ಫಿಕ್‌ಹ್‌ನಲ್ಲಿ ದ್ರವರೂಪದ ಅಮಲು ನಜಸ್. ಎಲೆ, ಹೂವಿನಂಥ ಗಟ್ಟಿ ವಸ್ತು ನಜಸ್ ಅಲ್ಲ. ಬಟ್ಟೆಗೆ ತಾಗಿದರೆ ತೊಳೆಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಅದು ಉತ್ತರ. ಸೇದಬಹುದೋ ಎಂಬುದಕ್ಕೆ ಉತ್ತರ ಅಲ್ಲ. ಮಣ್ಣೂ ನಜಸ್ ಅಲ್ಲ, ಹಾಗಂತ ಯಾರೂ ಬಡಿಸಿಕೊಂಡು ತಿನ್ನುವುದಿಲ್ಲ. ನಮ್ಮದೇ ಮದ್‌ಹಬಿನ ಇಮಾಂ ಝರ್ಕಶಿ, 1392ರಲ್ಲಿ ತೀರಿಹೋದವರು, ಹಶೀಶ್ ಹರಾಮ್ ಎಂಬುದಕ್ಕಾಗಿಯೇ ಒಂದು ಪ್ರತ್ಯೇಕ ಗ್ರಂಥ ಬರೆದರು. ಮಾಲಿಕೀ ಮದ್‌ಹಬಿನ ಇಮಾಂ ಕರಾಫಿಯವರು ಅದು ಹೆಂಡದಂಥ ಅಮಲಲ್ಲ, ಬುದ್ಧಿ ಕೆಡಿಸುವ ವಸ್ತು ಅಂದರು. ಆ ಚರ್ಚೆ ಇದ್ದದ್ದು ಶಿಕ್ಷೆ ಯಾವ ಬಗೆಯದ್ದು ಎಂಬುದರ ಬಗ್ಗೆ. ಸೇದಲು ಅನುಮತಿ ಇಬ್ಬರೂ ಕೊಡಲಿಲ್ಲ. ಆರು ನೂರು ವರ್ಷದ ಹಿಂದಿನ ಕೈರೋದ ಆಲಿಮರಿಗೆ ಈ ಗಿಡ ಗೊತ್ತಿತ್ತು ಮಾರಾಯ್ರೆ, ಇದೇನೂ ನಿನ್ನೆಯ ಮಸ್‌ಅಲ ಅಲ್ಲ.

ಮನೆಯವರು ತಿಳಿಯಲೇಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಚಟಕ್ಕೆ ಬಿದ್ದವನಿಗೆ ಕಾನೂನು ಒಂದು ದಾರಿ ಇಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣಕ್ಕೆ ಕೇಸಾದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಆ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಬೆಳೆದವನಿಗೆ ಈ ಸೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. ಅಂದರೆ ‘ಸೇಫ್’ ಎಂದು ಹುಡುಗ ತುಳಿಯುವ ಆ ಒಂದು ಹೆಜ್ಜೆ ಅವನನ್ನು ಆಸ್ಪತ್ರೆಯ ಲೆಕ್ಕದಿಂದ ಜೈಲಿನ ಲೆಕ್ಕಕ್ಕೆ ದಾಟಿಸುತ್ತದೆ. ಕೊಂಡು ಸೇದುವಾಗಲೇ ಮನೆಯವರ ಕಣ್ಣಿಗೆ ಬಿದ್ದರೆ ಅದು ದುಃಖದ ನಡುವೆಯೂ ಒಂದು ಅವಕಾಶ. ಹೊಡೆದು ಬಡಿದು, ಫೋನ್ ಕಿತ್ತುಕೊಂಡು, ಕೋಣೆಯೊಳಗೆ ದೂಡಿ ಆ ಅವಕಾಶ ಕಳೆದುಕೊಳ್ಳಬೇಡಿ.

ನಮ್ಮ ಜನರಿಗೆ ತಟ್ಟುವ ಇನ್ನೊಂದು ಪೆಟ್ಟು ಪಾಸ್‌ಪೋರ್ಟಿನದ್ದು. 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇರುವವನಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿಗೆ ಹೋಗಿ ಅನುಮತಿ ತಂದರೆ ಮಾತ್ರ ದಾರಿ. ಹಲವು ಕೆಲಸದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು. ಇಂಥ ಕೇಸು ಒಂದೆರಡು ತಿಂಗಳಲ್ಲಿ ಮುಗಿಯುವಂಥದ್ದಲ್ಲ. ಇಪ್ಪತ್ತೊಂದರ ಹುಡುಗ ಖುಲಾಸೆಯಾಗಿಯೇ ಹೊರಬಂದರೂ ಅಷ್ಟರಲ್ಲಿ ಅವನ ಜೊತೆಯವರು ದುಬೈಯಲ್ಲಿ, ದಮ್ಮಾಮಿನಲ್ಲಿ ಒಂದು ಮಟ್ಟಕ್ಕೆ ಬಂದಿರುತ್ತಾರೆ.

ಈಗ ಮನೆ ಮಾಲಕರ ಬಗ್ಗೆ. ಸೆಕ್ಷನ್ 25 ಹೀಗಿದೆ: ತನ್ನ ಮನೆ ಅಥವಾ ಕೋಣೆಯನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನಿಗೆ ಅಪರಾಧ ಮಾಡಿದವನಿಗಿರುವಷ್ಟೇ ಶಿಕ್ಷೆ. ‘ಗೊತ್ತಿದ್ದೂ’ ಎಂಬ ಪದ ಮುಖ್ಯ. ಹಾಗಾದರೆ ಗೊತ್ತಿಲ್ಲದೇ ಇರುವುದೇ ಒಳ್ಳೆಯದಲ್ಲವೇ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ತಿಂಗಳ ಐದನೇ ತಾರೀಕಿಗೆ ಗೂಗಲ್ ಪೇ ಬಂದರೆ ಆಯಿತು, ವರ್ಷಗಟ್ಟಲೆ ಫ್ಲಾಟಿನ ಕಡೆ ತಲೆ ಹಾಕುವುದಿಲ್ಲ. ಪೊಲೀಸರ ಮುಂದೆ, ಕೋರ್ಟಿನ ಮುಂದೆ ಗೊತ್ತಿರಲಿಲ್ಲ ಅನ್ನುವುದನ್ನು ಹೇಳುತ್ತಾ ತಿರುಗುವ ಕಷ್ಟಕ್ಕಿಂತ ಎರಡು ತಿಂಗಳಿಗೊಮ್ಮೆ ಹೋಗಿ ನೋಡುವುದು ಸುಲಭ. ಬರುತ್ತೇನೆಂದು ಮೊದಲೇ ಫೋನ್ ಮಾಡಿ, ಮರ್ಯಾದೆಯಿಂದ ಹೋಗಿ. ಹಗಲೂ ತೆರೆಯದ ಕಿಟಕಿಗೆ ಒಳಗಿನಿಂದ ಕಪ್ಪು ಹಾಳೆ ಅಂಟಿಸಿದ್ದರೆ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ಬಿಡದೆ ತಿರುಗುತ್ತಿದ್ದರೆ, ಒಂದು ಕೋಣೆ ಮಾತ್ರ ಯಾವಾಗಲೂ ಬೀಗದಲ್ಲಿದ್ದರೆ ಕೇಳಿ. ಕೇಳುವ ಹಕ್ಕು ನಿಮಗಿದೆ. ಕರಾರು ಪತ್ರವನ್ನು ಬ್ರೋಕರಿನ ಬಾಯಿಮಾತಿಗೆ ಬಿಡದೆ ಬರೆಸಿ, ಬಾಡಿಗೆದಾರರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

ಕರೆಂಟ್ ಬಿಲ್ಲೂ ಒಂದು ಸಾಕ್ಷಿ. ಹಾಲ್‌ನಲ್ಲಿರುವ 9 ವಾಟಿನ ಬಲ್ಬ್ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. 300 ವಾಟಿನ ದೀಪ ಅಷ್ಟೇ ಹೊತ್ತು ಉರಿದರೆ 108 ಯೂನಿಟ್. ಫ್ಯಾನು, ಎಸಿ ಬೇರೆ. ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ ಎಂದು ಆ ಚೀಟಿಯನ್ನು ಓದುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಹಣ ಸೊನ್ನೆಯಾದರೂ ಯೂನಿಟ್ ಅದರಲ್ಲಿ ಬರೆದಿರುತ್ತದೆ. ಮಾಳಿಗೆಯ ಕೋಣೆ ಮಗನಿಗೆ ಬಿಟ್ಟವರು ಕೂಡಾ ಅದನ್ನು ಓದಬಹುದು.

ಆ ಸೆಕ್ಷನ್ 25 ಬಾಡಿಗೆ ಕೊಟ್ಟ ಮಾಲಕನಿಗೆ ಮಾತ್ರ ಅಲ್ಲ, ಮನೆಯಲ್ಲಿ ವಾಸವಿರುವವರಿಗೂ ಅನ್ವಯ ಎಂಬುದನ್ನು ನಮ್ಮ ಉಮ್ಮಂದಿರಿಗೆ ಯಾರೂ ಹೇಳಿಲ್ಲ. ‘ನನ್ನ ಕೋಣೆಗೆ ಬರಬೇಡಿ’ ಎಂದು ಮಗ ಹೇಳಿದಾಗ ಸುಮ್ಮನಾಗುತ್ತಾಳೆ. ಒಂದು ದಿನ ನೋಡುತ್ತಾಳೆ. ನೋಡಿದ್ದನ್ನು ದೂರದ ಗಂಡನಿಗೆ ಹೇಳಿದರೆ ಅವರು ಕೆಲಸ ಬಿಟ್ಟು ಬಂದಾರು ಎಂಬ ಹೆದರಿಕೆ, ನೆರೆಯವರಿಗೆ ಹೇಳಿದರೆ ಮಗಳ ಮದುವೆ ಸಂಬಂಧ ಮುರಿದೀತು ಎಂಬ ಹೆದರಿಕೆ. ಅವಳ ಮೌನದಲ್ಲಿ ಆ ಗಿಡ ಇನ್ನೂ ಮೂರು ತಿಂಗಳು ಬೆಳೆಯುತ್ತದೆ.

ಈ ಮೌನಕ್ಕೆ ಜಮಾಅತಿನ ಕೊಡುಗೆಯೂ ಇದೆ. ನಶೆ ಮಾಡುವವನ ನಿಕಾಹ್‌ಗೆ ಸಹಕಾರ ಇಲ್ಲ, ಮನೆಯವರನ್ನು ದೂರ ಇಡಬೇಕು ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಚಪ್ಪಾಳೆಯೂ ಸಿಗುತ್ತದೆ. ಆದರೆ ಅಂಥ ಮಾತು ಕೇಳಿದ ಮೇಲೆ ಯಾವ ತಂದೆ ತಾಯಿ ಖತೀಬರ ಹತ್ತಿರ ಬಂದು ನನ್ನ ಮಗ ಹೀಗಾಗಿದ್ದಾನೆ ಅಂದಾರು? ಮಾರುವವನ, ಬೇರೆ ಮಕ್ಕಳಿಗೆ ಹಂಚುವವನ ಮೇಲೆ ಕಠಿಣವಾಗಿರಿ, ಪೊಲೀಸರಿಗೆ ಹೇಳಿ, ನಮ್ಮವನು ಎಂದು ಬಿಡಿಸಲು ಹೋಗಬೇಡಿ. ಸೇದುವವನ ಮನೆಯವರು ಬಂದರೆ ಮಾತ್ರ ಬಾಗಿಲು ಮುಚ್ಚಿ ಕೇಳಿ, ಕೇಳಿದ್ದು ಅಲ್ಲಿಗೇ ಇರಲಿ, ಆಸ್ಪತ್ರೆಗೆ ಜೊತೆಯಲ್ಲಿ ಒಬ್ಬರು ಹೋಗಿ. ಇದು ಎರಡು ಬೇರೆ ಕೆಲಸ. ಒಂದೇ ನಿರ್ಣಯದಲ್ಲಿ ಎರಡನ್ನೂ ಸೇರಿಸಿದರೆ ಮಾರುವವನಿಗೆ ಏನೂ ಆಗುವುದಿಲ್ಲ, ಸೇದುವವನು ಇನ್ನೂ ಒಳಗೆ ಸರಿಯುತ್ತಾನೆ.

ವ್ಯಸನಮುಕ್ತಿಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮನಸ್, 14416. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಈ ಎರಡು ನಂಬರು ಹಾಕಿದರೆ ಗಂಡಸರು ಮಾತ್ರ ಓದುತ್ತಾರೆ. ಕೋಣೆಯ ಬಾಗಿಲು ಮೊದಲು ತಟ್ಟುವವಳು ಉಮ್ಮ. ಅವಳು ಬರುವುದು ಮದ್ರಸದ ರಕ್ಷಕರ ಸಭೆಗೆ. ಮುಂದಿನ ಸಭೆಯಲ್ಲಿ ಫೀಸಿನ ವಿಷಯ ತೆಗೆಯುವ ಮೊದಲು ಈ ನಂಬರುಗಳನ್ನು ಬೋರ್ಡಿನಲ್ಲಿ ಬರೆದು, ಎಲ್ಲರೂ ಫೋನಿನಲ್ಲಿ ಸೇವ್ ಮಾಡಿಕೊಳ್ಳುವವರೆಗೆ ಐದು ನಿಮಿಷ ಕಾಯಿರಿ.