ರಾಜೀನಾಮೆಗೆ ಸಹಿ ಹಾಕುವ ಮೊದಲು

ಆರನೇ ಸೆಮಿಸ್ಟರ್ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ತರಬೇತಿಯ ಗದ್ದಲ. ಆ್ಯಪ್ಟಿಟ್ಯೂಡ್, ಗ್ರೂಪ್ ಡಿಸ್ಕಷನ್, ರೆಸ್ಯೂಮೆ, ಕೊನೆಗೆ ಟೈ ಕಟ್ಟುವುದನ್ನೂ ಹೇಳಿಕೊಡುತ್ತಾರೆ. ಕೆಲಸಕ್ಕೆ ಸೇರಲು ಇಷ್ಟೆಲ್ಲ ತಯಾರಿ. ಆದರೆ ಕೆಲಸದಿಂದ ತೆಗೆದ ದಿನ ಯಾವ ಕಾಗದ ಕೇಳಿ ಪಡೆಯಬೇಕು, ಯಾವುದಕ್ಕೆ ಸಹಿ ಹಾಕಬಾರದು ಎಂದು ಯಾರೂ ಹೇಳುವುದಿಲ್ಲ. ಶುಭಕಾರ್ಯದ ಮನೆಯಲ್ಲಿ ಕೆಟ್ಟ ಮಾತು ಆಡಬಾರದು ಎಂಬಂತೆ ಆ ವಿಷಯವನ್ನೇ ಎತ್ತುವುದಿಲ್ಲ.

ಎತ್ತದೆ ಉಪಾಯವಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳು ಹೊರಬಿದ್ದ ಸುದ್ದಿ ನಮಗೆಲ್ಲ ನೆನಪಿದೆ. ಮೂರು ಸಲ ಅವಕಾಶ ಕೊಟ್ಟರೂ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು ಕಂಪೆನಿ ಹೇಳಿತು. ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು, ಸಚಿವಾಲಯ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಗೆ ಬರೆಯಿತು. ಅದಕ್ಕೂ ಹಿಂದಿನ ವರ್ಷ, 2024ರ ಜೂನ್‌ನಲ್ಲಿ, ಐ.ಟಿ. ಕಂಪೆನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ರಾಜ್ಯ ಸರಕಾರ ಇನ್ನೂ ಐದು ವರ್ಷಕ್ಕೆ ಮುಂದುವರಿಸಿತ್ತು. ಅದರಲ್ಲೊಂದು ಷರತ್ತಿದೆ: ಯಾರನ್ನಾದರೂ ವಜಾ ಮಾಡಿದರೆ, ಅಮಾನತು ಮಾಡಿದರೆ ಕಂಪೆನಿ ಕಾರ್ಮಿಕ ಇಲಾಖೆಗೆ ಮಾಹಿತಿ ಕೊಡಬೇಕು. ರಾಜೀನಾಮೆ ಕೊಟ್ಟು ಹೋದವರ ಲೆಕ್ಕವನ್ನು ಕೊಡಬೇಕಾಗಿಲ್ಲ. ಎಚ್.ಆರ್. ವಿಭಾಗದವರು ಅಷ್ಟೊಂದು ಪ್ರೀತಿಯಿಂದ “ನೀವೇ ರಾಜೀನಾಮೆ ಕೊಟ್ಟುಬಿಡಿ, ಮುಂದಿನ ಕೆಲಸಕ್ಕೆ ಒಳ್ಳೆಯದು” ಎನ್ನುವುದರ ಹಿಂದೆ ಏನಿರಬಹುದು ಎಂದು ಇಲ್ಲಿಯೇ ಸ್ವಲ್ಪ ಊಹಿಸಬಹುದು.

ಕೆಲಸ ಹೋದವರಿಗೆ ಸರಕಾರದ ಭತ್ಯೆ ಎಂದರೆ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹೇಳುವುದು ಯುವನಿಧಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಯಾದ ಆ ಯೋಜನೆಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಆದರೆ ಅದು ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಕೆಲಸ ಸಿಕ್ಕಿ, ಅದನ್ನು ಕಳೆದುಕೊಂಡವರಿಗೆ ಇರುವುದು ಇನ್ನೊಂದು, ಇಎಸ್‌ಐ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈಯಲ್ಲಿ ಶುರುವಾದಾಗ ಸರಾಸರಿ ದಿನಗೂಲಿಯ ಶೇ 25ರಷ್ಟು ಕೊಡುತ್ತಿದ್ದರು, ಕೊರೊನಾ ಕಾಲದಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಇಡೀ ಜೀವನದಲ್ಲಿ ಒಮ್ಮೆ ಮಾತ್ರ.

ತಿಂಗಳಿಗೆ 18,000 ರೂಪಾಯಿ ಸಂಬಳದವರ ಲೆಕ್ಕ ಹಾಕಿ ನೋಡಿ. ಅವರ ಸಂಬಳದಿಂದ ಪ್ರತಿ ತಿಂಗಳು ಇಎಸ್‌ಐಗೆ 135 ರೂಪಾಯಿ ಹೋಗುತ್ತದೆ, ಕಂಪೆನಿ 585 ಹಾಕುತ್ತದೆ. ಕೆಲಸ ಹೋದರೆ ಮೂರು ತಿಂಗಳಿಗೆ ಸುಮಾರು 27,000 ಸಿಗಬೇಕು. ಬೆಂಗಳೂರಿನ ಪಿ.ಜಿ. ಬಾಡಿಗೆ ಕಟ್ಟಿ ಇನ್ನೊಂದು ಕೆಲಸ ಹುಡುಕಲು ಅಷ್ಟು ಹಣ ಸಾಲುತ್ತದೆ. 21,000ಕ್ಕಿಂತ ಹೆಚ್ಚು ಸಂಬಳಕ್ಕೆ ಸೇರಿದವರು ಇಎಸ್‌ಐ ವ್ಯಾಪ್ತಿಯಲ್ಲೇ ಇಲ್ಲ. ಅಂದರೆ ‘3.6 ಲಕ್ಷ ಪ್ಯಾಕೇಜ್’ ಎಂದು ಕಾಲೇಜಿನ ಫ್ಲೆಕ್ಸ್‌ನಲ್ಲಿ ಫೋಟೊ ಹಾಕಿಸಿಕೊಂಡವರಿಗೆ ಈ ಬಾಗಿಲು ಮೊದಲೇ ಮುಚ್ಚಿದೆ. ಈ ಮಿತಿ 2017ರಿಂದ ಹಾಗೆಯೇ ನಿಂತಿರುವುದು ನನಗೆ ಸರಿ ಕಾಣುವುದಿಲ್ಲ.

ಮಿತಿಯ ಒಳಗಿದ್ದವರಿಗಾದರೂ ಸಿಗುತ್ತದೆಯೇ? ಬಸ್ರೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಅಕ್ಕ ಒಬ್ಬರು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಮೂರು ವರ್ಷ ದುಡಿದರು. ಒಂದು ಮಧ್ಯಾಹ್ನ ಕರೆದು, ಪ್ರಾಜೆಕ್ಟ್ ಮುಗಿಯಿತು, ನಾಳೆಯಿಂದ ಬರಬೇಡಿ ಎಂದರು. ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ ಮೇಜಿನ ಮೇಲೇ ಇತ್ತು. “ಸಹಿ ಹಾಕಿರೆ ಮರ್ಯಾದಿ ಒಳಿತ್ ಅಂದ್ರ್” ಎಂದು ಅಕ್ಕ ಹೇಳುತ್ತಾರೆ. ಊರಿಗೆ ಬಂದು ಅಟಲ್ ಯೋಜನೆಗೆ ಅರ್ಜಿ ಹಾಕಿದಾಗ ತಿರಸ್ಕೃತ. ಕಡತ ನೋಡಿದವರನ್ನು ದೂರಿ ಫಲವಿಲ್ಲ, ಅದರಲ್ಲಿ ಇದ್ದದ್ದು ತಾನಾಗಿ ಬಿಟ್ಟಿದ್ದಾರೆ ಎಂದೇ.

ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ತಾನಾಗಿ ಕೆಲಸ ಬಿಟ್ಟವರಿಗೆ ಈ ಯೋಜನೆಯಲ್ಲಿ ಹಣವಿಲ್ಲ. ಶಿಸ್ತುಕ್ರಮದಲ್ಲಿ ವಜಾ ಆದವರಿಗೂ ಇಲ್ಲ. ಇವೆರಡರ ನಡುವೆ ಇರುವ, ಕಂಪೆನಿಯೇ ಬೇಡ ಎಂದು ತೆಗೆದವರಿಗೆ ಮಾತ್ರ ಇದೆ. ಕೆಲಸಗಾರ ಬಿಟ್ಟುಹೋದಾಗ ಕಂಪೆನಿ ಇಎಸ್‌ಐ ಪೋರ್ಟಲ್‌ನಲ್ಲಿ ಒಂದು ಕಾರಣ ಆರಿಸಬೇಕು. ‘ಲೆಫ್ಟ್ ಸರ್ವಿಸ್’ ಎಂಬುದೂ ಅಲ್ಲಿದೆ, ‘ರಿಟ್ರೆಂಚ್‌ಮೆಂಟ್’ ಎಂಬುದೂ ಇದೆ. ಯಾವುದೋ ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತ ಒತ್ತಿದ ಆ ಒಂದು ಸಾಲು ಅರ್ಜಿಯ ಹಣೆಬರಹ ಬರೆದುಬಿಡುತ್ತದೆ. ನಾವು ಅದನ್ನು ನೋಡುವುದು ಎಲ್ಲ ಮುಗಿದ ಮೇಲೆ.

‘ಪರ್ಫಾರ್ಮೆನ್ಸ್ ಸರಿಯಿಲ್ಲ’ ಎಂಬ ಕಾರಣವನ್ನೂ ಬಿಡಿಸಿ ನೋಡಬೇಕು. ಕೆಲಸದಲ್ಲಿ ಹಿಂದೆ ಬೀಳುವುದು ಬೇರೆ, ಕದಿಯುವುದು, ಸುಳ್ಳು ಹಾಜರಿ ಹಾಕುವುದು ಬೇರೆ. ಅಮೆರಿಕದ ರಾಜ್ಯಗಳಲ್ಲಿ ಮೊದಲನೆಯದನ್ನು ಸಾಮಾನ್ಯವಾಗಿ ದುರ್ನಡತೆ ಎಂದು ಎಣಿಸುವುದಿಲ್ಲ, ದುರ್ನಡತೆ ಎಂದು ಹೇಳುವ ಮಾಲೀಕನೇ ಅದನ್ನು ತೋರಿಸಿಕೊಡಬೇಕು. ಭತ್ಯೆ ನಿರಾಕರಿಸಿದ ಪತ್ರದಲ್ಲೇ ಕಾರಣವೂ ಮೇಲ್ಮನವಿಯ ಗಡುವೂ ಅಚ್ಚಾಗಿ ಬರುತ್ತದೆ.

ನಮ್ಮಲ್ಲಿ ಅದನ್ನು ಕೇಳಿಯೇ ಪಡೆಯಬೇಕು. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ ಅದಕ್ಕೆ ಮೇಲ್ಮನವಿ ಬರೆಯುವುದು ಹೇಗೆ? ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಇಎಸ್‌ಐ ನಿಗಮದ್ದೇ ‘ಸುವಿಧಾ ಸಮಾಗಮ’ ಎಂಬ ಕುಂದುಕೊರತೆ ಸಭೆ ಇದೆ. ಅಲ್ಲೂ ಬಗೆಹರಿಯದಿದ್ದರೆ ಇಎಸ್‌ಐ ಸೌಲಭ್ಯಗಳ ಹಕ್ಕಿನ ತಕರಾರಿಗೆಂದೇ ನೌಕರರ ವಿಮಾ ನ್ಯಾಯಾಲಯವಿದೆ, ಮೂರು ವರ್ಷದೊಳಗೆ ಹೋಗಬೇಕು.

ಹೇಳುವುದು ಸುಲಭ. ನಿಗಮದ ಉಪಪ್ರಾದೇಶಿಕ ಕಚೇರಿ ಇರುವುದು ಮಂಗಳೂರಿನಲ್ಲಿ. ಬಸ್ರೂರಿನಿಂದ ಕುಂದಾಪುರಕ್ಕೆ ಬಂದು, ಅಲ್ಲಿಂದ ಮತ್ತೆ ಸುಮಾರು 90 ಕಿ.ಮೀ. ಕೆಲಸವಿಲ್ಲದವರಿಗೆ ಬಸ್ ಚಾರ್ಜೂ ಖರ್ಚೇ. ಹಾಗಾಗಿ ಎಷ್ಟೋ ಮಂದಿ ಒಂದು ಸಲ ‘ಇಲ್ಲ’ ಎಂದ ಮೇಲೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ವಕೀಲರ ಫೀಸಿನ ಹೆದರಿಕೆ ಇದ್ದವರು ಒಂದನ್ನು ತಿಳಿದಿರಬೇಕು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100.

ಆ ಅಕ್ಕನ ಬಳಿ ಈಗ ಉಳಿದಿರುವ ದಾಖಲೆ ಒಂದೇ, ಹಿಂದಿನ ರಾತ್ರಿ ಮ್ಯಾನೇಜರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ. ‘ನಾಳೆ ಲ್ಯಾಪ್‌ಟಾಪ್ ತಂದು ಒಪ್ಪಿಸಿ’ ಎಂದಿದೆ. ರಾಜೀನಾಮೆಗಿಂತ ಮೊದಲೇ ಹೊರಹಾಕುವ ತೀರ್ಮಾನವಾಗಿತ್ತು ಎನ್ನಲು ಅದು ಆಧಾರವಾಗಬಹುದೆಂದು ಇಟ್ಟುಕೊಂಡಿದ್ದಾರೆ. ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಅರ್ಜಿಯನ್ನೂ ಬರೆದಿದ್ದಾರೆ.

ಪ್ಲೇಸ್‌ಮೆಂಟ್ ಸೆಲ್‌ಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಅಂತಿಮ ವರ್ಷದ ತರಬೇತಿಯಲ್ಲಿ ಅರ್ಧ ದಿನ ಇದಕ್ಕೆ ಕೊಡಿ. ಟೈ ಕಟ್ಟುವ ಪಾಠದ ಅರ್ಧ ಗಂಟೆಯನ್ನು ಬೇಕಾದರೆ ಇದಕ್ಕೆ ಸೇರಿಸಿ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನೋ ಕಾನೂನು ಸೇವಾ ಸಮಿತಿಯ ವಕೀಲರನ್ನೋ ಕರೆಸಿ. ಆಫರ್ ಲೆಟರ್, ಪೇ ಸ್ಲಿಪ್, ಇಎಸ್‌ಐ ವಿಮಾ ಸಂಖ್ಯೆಗಳನ್ನು ಮೊದಲ ತಿಂಗಳಿನಿಂದಲೇ ಕಂಪೆನಿಯ ಲ್ಯಾಪ್‌ಟಾಪಿನ ಹೊರಗೆ, ನಮ್ಮದೇ ಇಮೇಲ್‌ನಲ್ಲಿ ಇಟ್ಟುಕೊಳ್ಳಬೇಕು ಎಂಬಷ್ಟನ್ನಾದರೂ ಅವರು ಹೇಳಿ ಹೋಗಲಿ.