ಅಂಗಡಿಯ ಹೊಸ್ತಿಲಲ್ಲೇ ನಿಂತ ಕಾನೂನು

ನಮ್ಮ ದೊಡ್ಮನೆ ಬದಿಗೆ ಇನ್ಸುಲಿನ್ ಹೇಗೆ ಬರುತ್ತದೆ ಗೊತ್ತೇ? ಟೆಂಪೋದ ಇಂಜಿನ್ ಮುಚ್ಚಳದ ಮೇಲೆ ಕೂತು ಬರುತ್ತದೆ. ಪಕ್ಕದಲ್ಲಿ ಟೊಮೇಟೊ ಚೀಲ, ಮೇಲೆ ಪತ್ರಿಕೆಯ ಕಟ್ಟು. ಹೋದ ಏಪ್ರಿಲ್‌ನಲ್ಲಿ ಅತ್ತೆಯವರಿಗೆಂದು ಪೇಟೆಯ ಔಷಧಿ ಅಂಗಡಿಗೆ ಫೋನ್ ಮಾಡಿ ತರಿಸಿದ ಬಾಟಲಿ ನನ್ನ ಕೈಗೆ ಬಂದಾಗ ಚಹಾದ ಲೋಟದಷ್ಟು ಬೆಚ್ಚಗಿತ್ತು. “ಯಾವಾಗ್ಲೂ ಹೀಗೇ ತರೂದು ಅಕ್ಕೋರೇ, ಈವರೆಗೆ ಯಾರೂ ಏನೂ ಹೇಳ್ಲಿಲ್ಲ” ಎಂದ ಚಾಲಕ. ಅವನನ್ನು ಬೈದು ಪ್ರಯೋಜನವಿಲ್ಲ. ಪೊಟ್ಟಣದೊಳಗೆ ಏನಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಡಬ್ಬಿಯ ಮೇಲೆ ಮಾತ್ರ ಸ್ಪಷ್ಟವಾಗಿ ಬರೆದಿತ್ತು: 2ರಿಂದ 8 ಡಿಗ್ರಿ ಸೆಲ್ಸಿಯಸ್. ಆ ವಾರ ಅತ್ತೆಯವರ ಸಕ್ಕರೆ ಇಳಿಯಲೇ ಇಲ್ಲ. ಕಾರಣ ಇದೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಹಾಗೆ ಹೇಳಲಾರದಿರುವುದೇ ನನ್ನ ಸಿಟ್ಟಿಗೆ ಕಾರಣ. ಹಾಲು ಕೆಟ್ಟರೆ ಒಡೆದು ತೋರಿಸುತ್ತದೆ. ಶಕ್ತಿ ಕುಂದಿದ ಇನ್ಸುಲಿನ್ ಎಷ್ಟೋ ಸಲ ನೋಡಲು ಒಳ್ಳೆಯದರಂತೆಯೇ ಇರುತ್ತದೆ.

ಕಾನೂನು ಇಲ್ಲವೆಂದಲ್ಲ. 1940ರ ಕಾಯಿದೆ ಇದೆ, 1945ರ ನಿಯಮಗಳಿವೆ. ಔಷಧಿಯ ಗುಣ ಕೆಡದಂತೆ ಇಡುವ ಸೌಕರ್ಯವಿಲ್ಲದ ಅಂಗಡಿಗೆ ಪರವಾನಗಿ ಕೊಡಬಾರದು. ಅಂಗಡಿಗೆ ಇಷ್ಟು ಜಾಗವಿರಬೇಕೆಂದೂ ಹೇಳಿದೆ, 10 ಚದರ ಮೀಟರ್. ಅವಧಿ ಮುಗಿದದ್ದನ್ನು ಮಾರುವುದಿರಲಿ, ದಾಸ್ತಾನು ಇಡಲೂ ಕೂಡದು. ‘ತಂಪು ಜಾಗ’ವೆಂದರೆ 10ರಿಂದ 25 ಡಿಗ್ರಿ, ‘ಶೀತಲ ಜಾಗ’ವೆಂದರೆ 8 ಡಿಗ್ರಿ ಮೀರದ್ದು ಎಂದು ಅರ್ಥವನ್ನೂ ಬಿಡಿಸಿ ಹೇಳಿದ್ದಾರೆ. ಇನ್‌ಸ್ಪೆಕ್ಟರು ಬಂದು ಫ್ರಿಜ್ ನೋಡಬಹುದು, ಪುಸ್ತಕ ನೋಡಬಹುದು. ಆದರೆ ಫ್ರಿಜ್ಜಿನಿಂದ ಹೊರಟ ಬಾಟಲಿ ಘಟ್ಟದ ತಿರುವುಗಳಲ್ಲಿ ಬೇಯುವಾಗ ನೋಡುವವರು ಯಾರು?

ಪೇಟೆಯ ಅಕ್ಕತಂಗಿಯರೇ, ಇದು ಕಾಡಿನವರ ಗೋಳೆಂದು ಪುಟ ತಿರುವಬೇಡಿ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಪರವಾನಗಿಯುಳ್ಳ ಅಂಗಡಿಗಳು ಮನೆಬಾಗಿಲಿಗೆ ಔಷಧಿ ತಲುಪಿಸಬಹುದೆಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಅಲ್ಲಿಂದೀಚೆಗೆ ನಮಗೆಲ್ಲ ಅದೇ ರೂಢಿಯಾಯಿತು. ನಿಮ್ಮ ಮನೆಗೆ ಬರುವ ಸ್ಕೂಟರಿನ ಹುಡುಗನ ಬೆನ್ನಚೀಲ ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಹೊತ್ತು ಇತ್ತೆಂದು ಕೇಳಿದ್ದೀರಾ?

ಆಗದ ಕೆಲಸವೇನಲ್ಲ ಇದು. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಾನೂ ಬೂತಿನಲ್ಲಿ ಕೂತವಳು. ಲಸಿಕೆ ಮಂಜುಗಡ್ಡೆಯ ಪೊಟ್ಟಣಗಳಿದ್ದ ಡಬ್ಬಿಯಲ್ಲಿ ನಮ್ಮ ಶಾಲೆಗೂ ಬರುತ್ತಿತ್ತು. ಬಾಟಲಿಯ ಮೇಲೊಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಶಾಖ ತಗಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಬಂತೋ, ಆ ಬಾಟಲಿಯನ್ನು ಬಳಸುವಂತಿಲ್ಲ. ಅಕ್ಷರ ಬಾರದ ತಾಯಿಯೂ ಅದನ್ನು ನೋಡಿ ತಿಳಿಯಬಹುದು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂದು ಘೋಷಣೆಯಾದದ್ದರಲ್ಲಿ ಆ ಡಬ್ಬಿ, ಆ ಚೌಕಗಳ ಪಾಲೂ ಇದೆ. ಮೊಮ್ಮಗುವಿನ ಎರಡು ಹನಿಗೆ ಇಷ್ಟು ಕಾಳಜಿ ತೋರಿಸಬಲ್ಲ ನಾಡು ಅಜ್ಜಿಯ ಇನ್ಸುಲಿನ್ನನ್ನು ಇಂಜಿನ್ ಮೇಲೆ ಕೂರಿಸಬೇಕೇ?

“ಉಪಕಾರಕ್ಕೆಂದು ಕಳಿಸುತ್ತೇವೆ, ಬೇಡವಾದರೆ ನೀವೇ ಬಂದು ಒಯ್ಯಿರಿ” ಎನ್ನುತ್ತಾರೆ ಅಂಗಡಿಯವರು. ಉಪಕಾರ ಹೌದು, ಅದಿಲ್ಲದಿದ್ದರೆ ಮಳೆಗಾಲದಲ್ಲಿ ನಮ್ಮ ಗತಿಯೇನು? ಆದರೆ ಪೂರಾ ಬೆಲೆ ತೆಗೆದುಕೊಂಡು ಮಾಡುವ ಉಪಕಾರದಲ್ಲಿ ಒಂದು ಥರ್ಮೋಕೋಲ್ ಡಬ್ಬಿ, ಒಂದು ತಂಪು ಪೊಟ್ಟಣಕ್ಕೆ ಜಾಗವಿರಲಿ. ಬಾಟಲಿಗೆ ಮಂಜು ನೇರ ತಾಗದಂತೆ ಬಟ್ಟೆ ಸುತ್ತಲಿ. ಹೆಪ್ಪುಗಟ್ಟಿದ ಇನ್ಸುಲಿನ್ನೂ ಕೆಟ್ಟದ್ದೇ. ಹಾಗೆಯೇ ಔಷಧಿ ಹೊರಡುವ ಅಂಗಡಿಗಿರುವ ಹೊಣೆ ಅದು ತಲುಪುವ ಮನೆಯ ತನಕವೂ ಇರಬೇಕೆಂದು ನಿಯಮದಲ್ಲೇ ಬಿಡಿಸಿ ಬರೆಯಲಿ.

ಖರೀದಿಸಿದ ಔಷಧಿಯ ಮೇಲೆ ಸಂಶಯ ಬಂದರೆ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕಾಯಿದೆಯ 26ನೆಯ ಕಲಮಿನಲ್ಲಿ ನಮ್ಮಂಥ ಗ್ರಾಹಕರಿಗೂ ಇದೆ. ಆದರೆ ಇಂದಿನ ಸೂಜಿಗೆ ನಾಳೆಯ ವರದಿ ಕಾಯಲಾಗದು. ರಾಮಕೃಷ್ಣ ಹೆಗಡೆಯವರಂಥ ಮುಖ್ಯಮಂತ್ರಿಯನ್ನು ನಾಡಿಗೆ ಕೊಟ್ಟ ಊರಿಗೆ ಒಂದು ತಂಪಾದ ಬಾಟಲಿ ತಲುಪಿಸುವುದು ಅಷ್ಟು ದೊಡ್ಡ ಬೇಡಿಕೆಯೇ?

ಈಗ ನಾನು ಬೆಳಗಿನ ಟೆಂಪೋದಲ್ಲೇ ಡಬ್ಬಿ ಕಳಿಸುತ್ತೇನೆ, ಬಿಲ್ಲಿನೊಡನೆ ಅದರಲ್ಲೇ ತರಿಸುತ್ತೇನೆ. ಬಾಟಲಿ ಬೆಚ್ಚಗಿದ್ದರೆ ವಾಪಸು. ಎರಡು ಸಲ ವಾಪಸು ಮಾಡಿದೆ; ಮೂರನೆಯ ಸಲ ತಂಪಾಗಿಯೇ ಬಂತು. ನೀವೂ ಮುಟ್ಟಿ ನೋಡಿಯೇ ತೆಗೆದುಕೊಳ್ಳಿ.