ವಿಹಾರ ನೌಕೆ: ಲಾಭ ಹಡಗಿನಲ್ಲೋ, ದಡದಲ್ಲೋ?

ಐಷಾರಾಮಿ ವಿಹಾರ ನೌಕೆ ಎಂದೊಡನೆ ಮೆಡಿಟರೇನಿಯನ್ ಬಂದರುಗಳ ಬಿಸಿಲು, ಔತಣಗಳ ಚಿತ್ರ ಕಣ್ಣೆದುರು ನಿಲ್ಲುತ್ತಿದ್ದ ಕಾಲವೊಂದಿತ್ತು. ಈಗ ಅದೇ ವರ್ಗದ ಗ್ರಾಹಕರು ಅಂಟಾರ್ಕ್ಟಿಕಾದ ಹಿಮಬಂಡೆಗಳ ನಡುವೆ, ಗಲಾಪಗೋಸ್ ದ್ವೀಪಗಳ ಸುತ್ತ ಸಂಚರಿಸಲು ಹಣ ತೆರುತ್ತಿದ್ದಾರೆ. 2019ರಲ್ಲಿ ಸೇವೆಗಿಳಿದ 'ಸೀನಿಕ್ ಎಕ್ಲಿಪ್ಸ್' ನೌಕೆಯು ಹೆಲಿಕಾಪ್ಟರ್ ಮತ್ತು ಪುಟ್ಟ ಜಲಾಂತರ್ಗಾಮಿಯನ್ನು ಹೊತ್ತೊಯ್ಯುವಂತೆ ನಿರ್ಮಿತವಾಗಿದೆ. ರಿಟ್ಜ್-ಕಾರ್ಲ್‌ಟನ್ ಹೆಸರಿನ ಮೊದಲ ನೌಕೆ 2022ರಲ್ಲಿ ಯಾನ ಆರಂಭಿಸಿತು.

ಈ ಆಕರ್ಷಣೆಗೆ ಸಿರಿವಂತಿಕೆಯ ಪ್ರದರ್ಶನವೊಂದೇ ಕಾರಣವಲ್ಲ. ಅಂಟಾರ್ಕ್ಟಿಕಾದಲ್ಲಿ 500ಕ್ಕೂ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕಿಳಿಸುವಂತಿಲ್ಲ. ಒಂದು ತಾಣದಲ್ಲಿ ಏಕಕಾಲಕ್ಕೆ ಇಳಿಯಬಹುದಾದವರು 100 ಮಂದಿ ಮಾತ್ರ. ಗಲಾಪಗೋಸ್‌ನಲ್ಲಿ ಒಂದು ನೌಕೆಗೆ 100 ಪ್ರಯಾಣಿಕರ ಮಿತಿಯಿದೆ. ಹೀಗಾಗಿ ಅಲ್ಲಿ ಚಿಕ್ಕ ನೌಕೆಗೇ ಅನುಕೂಲ. ವಿರಳವಾದುದಕ್ಕೆ ಬೆಲೆ ಹೆಚ್ಚೆಂಬುದು ವಾಣಿಜ್ಯದ ಮೊದಲ ಪಾಠವಷ್ಟೆ.

ಆದರೆ ಬೆಲೆ ಹೆಚ್ಚಿದ್ದಲ್ಲೆಲ್ಲ ಲಾಭವೂ ಹೆಚ್ಚಿರಬೇಕೆಂದೇನಿಲ್ಲ. 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದನ್ವಯ ನೌಕೆಯು ಪ್ರಯಾಣಿಕರ ಹಡಗೆನಿಸಿ, ಕಠಿಣ ನಿಯಮಗಳಿಗೆ ಒಳಪಡುತ್ತದೆ. ಆದ್ದರಿಂದ ಬಾಡಿಗೆ ನೌಕೆ ಎಷ್ಟೇ ದೊಡ್ಡದಿದ್ದರೂ ಅತಿಥಿಗಳು ಸಾಮಾನ್ಯವಾಗಿ 12 ಮಂದಿಯೇ. ವಾರ್ಷಿಕ ನಿರ್ವಹಣೆಗೆ ಖರೀದಿ ಬೆಲೆಯ ಸುಮಾರು ಹತ್ತನೇ ಒಂದು ಭಾಗ ಬೇಕೆಂಬುದು ಆ ಉದ್ಯಮದ ರೂಢಿಯ ಲೆಕ್ಕ. ಇತ್ತ ಗ್ರಾಹಕನು ಇಂಧನ, ಆಹಾರ, ಬಂದರು ಶುಲ್ಕಗಳಿಗಾಗಿ ಬಾಡಿಗೆಯ ಶೇ. 25ರಿಂದ 35ರಷ್ಟನ್ನು ಪ್ರತ್ಯೇಕ ಮುಂಗಡವಾಗಿ ಕೊಡುತ್ತಾನೆ. ಈ ಮೊತ್ತ ಮಾಲೀಕನ ಆದಾಯವಲ್ಲ. ಬಹುಪಾಲು ದಡದ ವರ್ತಕರಿಗೆ ಸೇರುವಂಥದು. ಅಂಟಾರ್ಕ್ಟಿಕಾ ಯಾನಗಳು ಹೊರಡುವ ಅರ್ಜೆಂಟೀನಾದ ಉಶುವಾಯಾ ನಗರದ ವ್ಯಾಪಾರ ಇದಕ್ಕೆ ನಿದರ್ಶನ.

ನಮ್ಮ ಕರಾವಳಿಯ ಉದ್ಯಮಿ ಬಾಂಧವರು ಗಮನಿಸಬೇಕಾದುದು ಈ ಹಂಚಿಕೆಯನ್ನೇ. ನೇತ್ರಾಣಿಯ ಸ್ಕೂಬಾ ಡೈವಿಂಗ್, ಮಲ್ಪೆಯ ದ್ವೀಪವಿಹಾರಗಳ ಜನಪ್ರಿಯತೆ ಕಂಡು ಸಾಲ ಮಾಡಿ ನೌಕೆ ಕೊಳ್ಳಲು ಹೊರಡುವವರಿಗೆ ಎರಡು ಮಾತು. ಮೊದಲನೆಯದು, ಮಳೆಗಾಲದಲ್ಲಿ ನೌಕೆ ದಡ ಸೇರುತ್ತದೆ, ಬ್ಯಾಂಕಿನ ಬಡ್ಡಿಗೆ ಮಾತ್ರ ರಜೆಯಿಲ್ಲ. ಎರಡನೆಯದು, ವಿಹಾರ ಮತ್ತು ಕ್ರೀಡಾ ನೌಕೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40; ಅದಕ್ಕೆ ಮುನ್ನ ಶೇ. 28ರ ಜೊತೆಗೆ ಶೇ. 3ರ ಸೆಸ್ ಇತ್ತು. ಒಂದು ಕೋಟಿ ರೂಪಾಯಿಯ ನೌಕೆಗೆ 40 ಲಕ್ಷ ತೆರಿಗೆ! ಕಾಯಿದೆಯ 17(5)ನೇ ಕಲಮಿನ ಪ್ರಕಾರ ಹೂಡುವಳಿ ತೆರಿಗೆ ಜಮೆಯು ತೆರಿಗೆಗೊಳಪಡುವ ಪ್ರಯಾಣಿಕರ ಸಾಗಣೆ, ನೌಕೆಯ ಮರುಪೂರೈಕೆ, ನೌಕಾಚಾಲನೆಯ ತರಬೇತಿಯಂತಹ ಬಳಕೆಗಳಿಗಷ್ಟೇ ದೊರೆಯುತ್ತದೆ. ಸ್ವಂತ ಮೋಜಿಗೆ ಕೊಂಡರೆ ಪೂರ್ತಿ ತೆರಿಗೆ ಕೈಯಿಂದಲೇ. ಜಮೆ ದೊರೆತರೂ ಖರೀದಿಯ ದಿನವೇ ಅಷ್ಟು ಹಣ ಹೊಂದಿಸಬೇಕಷ್ಟೆ.

ಜೀವನೋಪಾಯದ ಪ್ರವಾಸಿ ದೋಣಿಯನ್ನೂ ಧನಿಕನ ವಿಲಾಸ ನೌಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇವೆರಡಕ್ಕೂ ಪ್ರತ್ಯೇಕ ದರ ನಿಗದಿಪಡಿಸುವಂತೆ ಮಂಡಳಿಯು ಸರ್ಕಾರಕ್ಕೆ ಮನವಿ ಸಲ್ಲಿಸಬೇಕು. ಅಲ್ಲಿಯವರೆಗೆ ದುರಸ್ತಿ ಕಾರ್ಯಾಗಾರ, ಆಹಾರ ಸಾಮಗ್ರಿ ಪೂರೈಕೆ, ಸಿಬ್ಬಂದಿ ತರಬೇತಿಗಳಲ್ಲಿ ಹಣ ತೊಡಗಿಸುವುದು ಲೇಸು. ಮೀನುಗಾರಿಕಾ ದೋಣಿಗಳ ನಿರ್ಮಾಣ, ದುರಸ್ತಿಗಳಲ್ಲಿ ಪಳಗಿದ ಕೈಗಳು ನಮ್ಮಲ್ಲಿ ಈಗಾಗಲೇ ಇವೆ. ನೌಕೆ ಯಾರದ್ದಾದರೂ ಆಗಲಿ, ಅದರ ಖರ್ಚು ನಮ್ಮ ಆದಾಯವಾದರೆ ಸಾಕು.